ಗಣೇಶಗುಡಿಯಲ್ಲಿ ಒಂದು ದಿನ: ಗುಂಪಿನಲ್ಲಿ ಹೋದಾಗಲೂ ಹಕ್ಕಿ ಕಣ್ಣಿಗೆ ಬೀಳಬೇಕಾದರೆ

ಓದುಗರ ಪ್ರಶ್ನೆ: ಜನವರಿ ಎರಡನೇ ವಾರ ನಾವು 12 ಮಂದಿ ಬೆಂಗಳೂರಿನಿಂದ ದಾಂಡೇಲಿ ಹತ್ತಿರದ ಗಣೇಶಗುಡಿಗೆ ಹಕ್ಕಿ ನೋಡಲು ಹೊರಟಿದ್ದೇವೆ. ಒಬ್ಬ ಗೈಡ್ ಇರುತ್ತಾರೆ, ಪೂರ್ತಿ ಒಂದು ದಿನ ಸಿಗುತ್ತದೆ. ಹಿಂದೆ ಇಂಥದೇ ಪ್ರವಾಸಕ್ಕೆ ಬೇರೆ ಕಡೆ ಹೋಗಿದ್ದಾಗ ಎಲ್ಲರೂ ‘ಅಗೋ ಅಲ್ಲಿ, ಅಗೋ ಅಲ್ಲಿ’ ಎನ್ನುತ್ತಿದ್ದರು, ನನಗೆ ಎಲೆ ಬಿಟ್ಟು ಬೇರೇನೂ ಕಾಣಲಿಲ್ಲ. ಕನ್ನಡಕ ಹಾಕುತ್ತೇನೆ, 10×50 ಬೈನಾಕ್ಯುಲರ್ ಇದೆ. ನಾಲ್ಕೂ ಜಾತಿಯ ಮಂಗಟ್ಟೆ (ಹಾರ್ನ್‌ಬಿಲ್), ಕಾಕರಣೆ (ಟ್ರೋಗನ್), ಕಪ್ಪೆಬಾಯಿ (ಫ್ರಾಗ್‌ಮೌತ್) ಮತ್ತು ಪ್ರವಾಸದ ಜಾಹೀರಾತಿನಲ್ಲಿ ಹಾಕಿರುವ ಆ ಪುಟ್ಟ ಬಣ್ಣದ ಮಿಂಚುಳ್ಳಿ ನೋಡುವ ಆಸೆ. ಹೇಗೆ ತಯಾರಾಗಬೇಕು?

ಉತ್ತರ: ಹಿಂದಿನ ಸಲ ನಿಮಗೆ ಹಕ್ಕಿ ಕಾಣದೆ ಹೋದದ್ದಕ್ಕೆ ನಿಮ್ಮ ಕಣ್ಣನ್ನು ದೂರಬೇಡಿ. ‘ಅಗೋ ಅಲ್ಲಿ’ ಎಂಬುದು ದಾರಿ ತೋರಿಸುವ ಮಾತೇ ಅಲ್ಲ. ಬಯಲಿನ ಕೆರೆಯ ದಂಡೆಯಲ್ಲಿ ಬೆರಳು ತೋರಿಸಿದರೆ ಸಾಕು, ಹಕ್ಕಿ ಸಿಗುತ್ತದೆ. ಗಣೇಶಗುಡಿ ಇರುವ ಕಾಳಿ ನದಿಯ ಕಣಿವೆಯ ಕಾಡು ಹಾಗಲ್ಲ. ಅಲ್ಲಿ ಒಂದು ಮರದ ಹಿಂದೆ ಇನ್ನೊಂದು ಮರ, ಅದಕ್ಕೆ ಹಬ್ಬಿದ ಬಳ್ಳಿ, ನಡುವೆ ಅಂಗೈಯಗಲದ ಸಂದು. ಗೈಡ್ ಆ ಸಂದಿನಲ್ಲಿ ನೋಡುತ್ತಿರುತ್ತಾರೆ. ನೀವು ಎರಡು ಹೆಜ್ಜೆ ಪಕ್ಕದಲ್ಲಿ ನಿಂತಿದ್ದರೆ ನಿಮ್ಮ ಪಾಲಿಗೆ ಆ ಸಂದು ಮುಚ್ಚಿಹೋಗಿರುತ್ತದೆ. ಹಾಗಾಗಿ ಮೊದಲ ಪಾಠ: ಹಕ್ಕಿ ಕಂಡವರ ಪಕ್ಕದಲ್ಲಿ ನಿಲ್ಲಬೇಡಿ, ಬೆನ್ನ ಹಿಂದೆ ಹೋಗಿ ಅವರ ಭುಜದ ಮೇಲಿಂದ ನೋಡಿ. ಕಂಡವರೂ ಒಮ್ಮೆ ಕಣ್ತುಂಬ ನೋಡಿ ಜಾಗ ಬಿಟ್ಟು ಹಿಂದೆ ಸರಿಯಬೇಕು. ಇನ್ನೂ ಹತ್ತಿರದಿಂದ ನೋಡೋಣವೆಂದು ಮುಂದೆ ಹೆಜ್ಜೆ ಇಟ್ಟರೆ ಉಳಿದವರಿಗೆಲ್ಲ ಹಕ್ಕಿ ತಪ್ಪುತ್ತದೆ.

ಎರಡನೆಯದು ಮಾತಿನ ಕ್ರಮ. ಹಕ್ಕಿಯ ಹೆಸರು ಮೊದಲು ಹೇಳಬೇಕಾಗಿಲ್ಲ. ಎಲ್ಲರಿಗೂ ಕಾಣುವ ಒಂದು ದೊಡ್ಡ ಗುರುತಿನಿಂದ ಶುರುಮಾಡಿ ಚಿಕ್ಕದಕ್ಕೆ ಬರಬೇಕು. ಕಾಕರಣೆ ಹಕ್ಕಿಯನ್ನೇ ತೆಗೆದುಕೊಳ್ಳಿ. ‘ರಸ್ತೆಯ ಕಲ್ಲಿನಿಂದ ನೇರ ಹಿಂದೆ ಬಿಳಿ ಬೊಡ್ಡೆಯ ಮರ. ಎರಡಾಳೆತ್ತರದಲ್ಲಿ ಅದು ಕವಲೊಡೆದಿದೆ. ಬಲಗವಲು ಹಿಡಿದು ಹೋಗಿ, ಒಂದು ಒಣ ಬಳ್ಳಿ ಇಳಿಬಿದ್ದಿದೆ. ಬಳ್ಳಿಯಿಂದ ಒಂದು ಮೊಳ ಎಡಕ್ಕೆ, ಅಡ್ಡ ರೆಂಬೆಯ ಮೇಲೆ ನೆಟ್ಟಗೆ ಕೂತಿದೆ, ನಮಗೆ ಬೆನ್ನು ಹಾಕಿದೆ.’ ಇಷ್ಟು ಹೇಳಲು ಹದಿನೈದು ಸೆಕೆಂಡು ಬೇಕು. ಕಾಕರಣೆ ಅಷ್ಟು ಹೊತ್ತು ಕದಲದೆ ಕೂರುತ್ತದೆ. ಕೊನೆಯ ಮಾತು, ‘ನಮಗೆ ಬೆನ್ನು ಹಾಕಿದೆ’ ಎಂಬುದು, ತುಂಬ ಮುಖ್ಯ. ಗಂಡಿನ ಎದೆ ಕಡುಗೆಂಪು ಎಂದು ಚಿತ್ರದಲ್ಲಿ ನೋಡಿದವರು ಕೆಂಪನ್ನೇ ಹುಡುಕುತ್ತಿರುತ್ತಾರೆ. ಅಪಾಯದ ಸುಳಿವು ಸಿಕ್ಕರೆ ಆ ಹಕ್ಕಿ ಕೆಂಪು ಮುಚ್ಚಿಕೊಂಡು, ಒಣ ಎಲೆಯ ಬಣ್ಣದ ಬೆನ್ನನ್ನು ನಮ್ಮ ಕಡೆ ಮಾಡಿ ಕೂರುತ್ತದೆ. ಆದ್ದರಿಂದ ಮೊದಲು ಹುಡುಕಬೇಕಾದದ್ದು ನೆಟ್ಟಗೆ ಇಳಿಬಿದ್ದ ಉದ್ದ ಬಾಲವನ್ನು, ಕಂದು ಬೆನ್ನನ್ನು.

ಒಂಟಿ ಮರವಾದರೆ ಗಡಿಯಾರದ ಲೆಕ್ಕ ಸುಲಭ: ತುದಿ 12, ಬುಡ 6, ಬಲ ಅಂಚು 3. ‘2 ಗಂಟೆಯಲ್ಲಿ, ಅಂಚಿನಿಂದ ಸ್ವಲ್ಪ ಒಳಗೆ’ ಎಂದರೆ ಮುಗಿಯಿತು. ಹೊರಡುವ ಮುನ್ನವೇ ಹನ್ನೆರಡೂ ಜನ ಈ ಲೆಕ್ಕಕ್ಕೆ ಒಪ್ಪಿಕೊಂಡಿರಬೇಕು, ಅಷ್ಟೆ. ನಿಮಗೆ ಕಾಣದಿದ್ದರೆ ‘ಹೂಂ’ ಎನ್ನಬೇಡಿ, ‘ಇನ್ನೂ ಸಿಕ್ಕಿಲ್ಲ’ ಎನ್ನಿ. ಎಲ್ಲರೂ ತಲೆಯಾಡಿಸಿದರೆ ಗೈಡ್ ಮುಂದೆ ನಡೆಯುತ್ತಾರೆ. ಸಂಕೋಚಪಟ್ಟವರೇ ದಿನದ ಕೊನೆಗೆ ಬರಿಗೈಯಲ್ಲಿ ಉಳಿಯುವುದು.

ಇನ್ನು ಬೈನಾಕ್ಯುಲರ್. ನಿಮ್ಮ 10×50 ಕೆಟ್ಟದ್ದಲ್ಲ, ಆದರೆ ಕಾಡಿಗೆ 8×42 ಹೆಚ್ಚು ಒದಗುತ್ತದೆ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಗಾಜಿನ ವ್ಯಾಸ ಎಷ್ಟು ಮಿಲಿಮೀಟರ್ ಎಂಬುದು. ಸಾಮಾನ್ಯವಾಗಿ 8 ಪಟ್ಟಿನದರಲ್ಲಿ 20 ಮೀಟರ್ ದೂರದ ಮರದ ಸುಮಾರು ಎರಡೂವರೆ ಮೀಟರ್ ಅಗಲ ಒಮ್ಮೆಲೇ ಕಾಣುತ್ತದೆ, 10 ಪಟ್ಟಿನದರಲ್ಲಿ ಎರಡು ಮೀಟರ್ ಚಿಲ್ಲರೆ. ಎಲೆಗಳ ನಡುವೆ ಹಾರಾಡುವ ನೊಣಹಿಡುಕವನ್ನು ಹುಡುಕುವಾಗ ಆ ಅರ್ಧ ಮೀಟರೇ ನಿರ್ಣಾಯಕ. ಕೈನಡುಕವೂ ಹತ್ತು ಪಟ್ಟು ಕಾಣುತ್ತದೆ, ತೂಕವೂ ಜಾಸ್ತಿ. ಗುಂಪಿನಲ್ಲಿ ಯಾರಾದರೂ 8×42 ಎರವಲು ಕೊಟ್ಟರೆ ತೆಗೆದುಕೊಳ್ಳಿ. ಇಲ್ಲದಿದ್ದರೆ ಇರುವುದನ್ನೇ ಸರಿಯಾಗಿ ಹೊಂದಿಸಿಕೊಳ್ಳಿ. ಬಹಳ ಜನ ವರ್ಷಗಟ್ಟಲೆ ಹೊಂದಿಸದೆಯೇ ಬಳಸುತ್ತಾರೆ.

ಕನ್ನಡಕ ಹಾಕುವವರು ಕಣ್ಣಿನ ಬಟ್ಟಲುಗಳನ್ನು ಪೂರ್ತಿ ಒಳಕ್ಕೆ ತಿರುಗಿಸಬೇಕು, ರಬ್ಬರಿನದಾದರೆ ಮಡಚಬೇಕು. ಹೊರಗೆ ಬಿಟ್ಟರೆ ಕೊಳವೆಯೊಳಗೆ ಇಣುಕಿದಂತೆ ಸುತ್ತ ಕಪ್ಪು ಕಾಣುತ್ತದೆ. ಆಮೇಲೆ ಎರಡು ನಳಿಗೆಗಳನ್ನು ಹತ್ತಿರ-ದೂರ ಮಾಡಿ, ಎರಡು ವೃತ್ತ ಸೇರಿ ಒಂದೇ ವೃತ್ತ ಕಾಣುವಲ್ಲಿ ನಿಲ್ಲಿಸಿ. ನಂತರ ಬಲ ನಳಿಗೆಯ ಮುಂದಿನ ಗಾಜನ್ನು ಅಂಗೈಯಿಂದ ಮುಚ್ಚಿ, ದೂರದ ಬೋರ್ಡಿನ ಅಕ್ಷರವೊಂದನ್ನು ಎಡಗಣ್ಣಿಗೆ ನಡುವಿನ ಚಕ್ರದಿಂದ ಸ್ಪಷ್ಟ ಮಾಡಿಕೊಳ್ಳಿ. ಈಗ ಎಡ ನಳಿಗೆ ಮುಚ್ಚಿ, ನಡುವಿನ ಚಕ್ರ ಮುಟ್ಟದೆ, ಬಲಗಣ್ಣಿನ ಬಳಿ ಇರುವ ಉಂಗುರ ತಿರುಗಿಸಿ ಅದೇ ಅಕ್ಷರವನ್ನು ಸ್ಪಷ್ಟ ಮಾಡಿ. ಆ ಉಂಗುರ ಎಲ್ಲಿ ನಿಂತಿತೋ ಅಲ್ಲಿ ಪೆನ್ನಿನಿಂದ ಒಂದು ಗೆರೆ ಎಳೆದಿಡಿ. ಚೀಲದಲ್ಲಿ ಉಜ್ಜಿ ಅದು ಜರುಗುತ್ತದೆ, ಕಾಡಿನಲ್ಲಿ ಮತ್ತೆ ಹೊಂದಿಸುತ್ತ ಕೂರಲು ಸಮಯವಿರುವುದಿಲ್ಲ. ಮೂರು ಮೀಟರ್ ದೂರದಲ್ಲಿ ಪತ್ರಿಕೆಯೊಂದನ್ನು ಇಟ್ಟು ಅಕ್ಷರ ಸ್ಪಷ್ಟವಾಗುತ್ತದೆಯೇ ಎಂದೂ ನೋಡಿ. ಹಳೆಯ ಮಾದರಿಯ ಎಷ್ಟೋ 10×50ಗಳಿಗೆ ಐದಾರು ಮೀಟರಿಗಿಂತ ಹತ್ತಿರ ಫೋಕಸ್ ಆಗುವುದಿಲ್ಲ. ನಿಮ್ಮದೂ ಹಾಗಿದ್ದರೆ ಬರ್ಡ್ ಬಾತ್ (ಹಕ್ಕಿಗಳು ಮೀಯಲೆಂದು ಇಟ್ಟ ನೀರಿನ ತಟ್ಟೆ) ಮುಂದೆ ಕೂತಾಗ ತೀರ ಹತ್ತಿರದ ಹಕ್ಕಿಯನ್ನು ಬರಿಗಣ್ಣಿನಲ್ಲೇ ನೋಡಬೇಕಾಗುತ್ತದೆ.

ಹೊರಡುವ ಮುಂಚಿನ ಒಂದು ವಾರ ದಿನಕ್ಕೆ ಐದು ನಿಮಿಷ ಮನೆಯ ಹತ್ತಿರದ ಮರದಲ್ಲಿ ಅಭ್ಯಾಸ ಮಾಡಿ. ಒಂದು ಹಳದಿ ಎಲೆಯನ್ನು ಬರಿಗಣ್ಣಿನಲ್ಲಿ ದಿಟ್ಟಿಸಿ, ದೃಷ್ಟಿ ಕೀಳದೆ, ತಲೆ ಅಲ್ಲಾಡಿಸದೆ ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ. ಎಲೆ ನಡುಮಧ್ಯಕ್ಕೆ ಬರಬೇಕು. ದಿನಕ್ಕೆ ಇಪ್ಪತ್ತು ಸಲದಂತೆ ಮಾಡಿದರೆ ವಾರದಲ್ಲಿ ಕೈ ಪಳಗುತ್ತದೆ. ಕೆಳಗೆ ನೋಡಿ ಬೈನಾಕ್ಯುಲರ್ ಎತ್ತಿಕೊಂಡು, ಆಮೇಲೆ ಅದರೊಳಗಿಂದ ಮರವೆಲ್ಲ ತಡಕಾಡುವುದು ಹೊಸಬರೆಲ್ಲ ಮಾಡುವ ತಪ್ಪು.

ಈಗ ದಿನದ ವಿಷಯ. ಹಿಂದಿನ ರಾತ್ರಿಯೇ ಗಣೇಶಗುಡಿ ಸೇರಿಕೊಳ್ಳಿ. ರಾತ್ರಿ ಬಸ್ಸಿನಲ್ಲಿ ಬಂದು ಬೆಳಿಗ್ಗೆ ಒಂಬತ್ತಕ್ಕೆ ಇಳಿಯುವ ಯೋಜನೆಯಿದ್ದರೆ ದಿನದ ಅತ್ಯುತ್ತಮ ಎರಡು ಗಂಟೆಗಳನ್ನು ಬಸ್ಸಿನ ಕಿಟಕಿಗೆ ಕೊಟ್ಟಂತೆ. ಆ ದಿನಗಳಲ್ಲಿ ಸೂರ್ಯ ಹುಟ್ಟುವುದು 7 ಗಂಟೆಯ ಆಸುಪಾಸಿಗೆ. ಆರೂಕಾಲಿಗೆ ಹೊರಗಿರಿ. ಮೊದಲ ಅರ್ಧ ಗಂಟೆ ಕಿವಿಯದು. ಸರಳೆ ಸಿಳ್ಳಾರ ಇನ್ನೂ ಕತ್ತಲಿರುವಾಗಲೇ ಸಿಳ್ಳೆ ಹಾಕುತ್ತದೆ. ಚಳಿಗಾಲದ ಅತಿಥಿ ನವರಂಗ ಮುಂಜಾನೆ, ಮುಸ್ಸಂಜೆ ಎರಡು ಹೊತ್ತೂ ಪೊದೆಯಡಿಯಿಂದ ಕೂಗುತ್ತದೆ. ರಾತ್ರಿ ಎ.ಸಿ. ಕೋಣೆಯಲ್ಲಿದ್ದ ಬೈನಾಕ್ಯುಲರ್, ಕ್ಯಾಮೆರಾ ಹೊರಗೆ ತಂದ ಕೂಡಲೇ ಗಾಜಿನ ಮೇಲೆ ಮಂಜು ಕಟ್ಟಬಹುದು. ಅರ್ಧ ಗಂಟೆ ಮುಂಚೆ ಚೀಲಸಮೇತ ವರಾಂಡದಲ್ಲಿಡಿ. ಒರೆಸಿದಷ್ಟೂ ಮತ್ತೆ ಕಟ್ಟುವ ಮಂಜು ಅದು.

ಬಿಸಿಲು ಮೊದಲು ತಾಗುವುದು ಎತ್ತರದ ಮರಗಳ ನೆತ್ತಿಗೆ, ಹುಳಹುಪ್ಪಟೆ ಏಳುವುದೂ ಅಲ್ಲೇ. ಆದ್ದರಿಂದ ಏಳರಿಂದ ಎಂಟೂವರೆವರೆಗೆ ಕಾಡಿನೊಳಗೆ ನುಗ್ಗದೆ, ರಸ್ತೆಯ ಒಂದು ಬದಿ ಕಣಿವೆಗೆ ಇಳಿದಿರುವ ಜಾಗದಲ್ಲಿ ನಿಲ್ಲಿ. ಅಲ್ಲಿ ಮರದ ನೆತ್ತಿ ನಿಮ್ಮ ಕಣ್ಣಿನ ಮಟ್ಟಕ್ಕೇ ಬಂದಿರುತ್ತದೆ, ಕುತ್ತಿಗೆ ನೋಯುವುದಿಲ್ಲ. ಯಾವ ಆಲ, ಬಸರಿ, ಅತ್ತಿ ಹಣ್ಣಾಗಿದೆ ಎಂದು ಗೈಡನ್ನು ಹಿಂದಿನ ರಾತ್ರಿಯೇ ಕೇಳಿಟ್ಟುಕೊಳ್ಳಿ. ಹಣ್ಣಾದ ಒಂದು ಮರದ ಎದುರು ಮುಕ್ಕಾಲು ಗಂಟೆ ನಿಂತರೆ ಮೂರು ಕಿಲೋಮೀಟರ್ ನಡೆದುದಕ್ಕಿಂತ ಹೆಚ್ಚು ಸಿಗುತ್ತದೆ: ಕುಟ್ರ, ಹಸಿರು ಪಾರಿವಾಳ, ಫೇರಿ ಬ್ಲೂಬರ್ಡ್, ಮತ್ತು ಮಂಗಟ್ಟೆ.

ಮಂಗಟ್ಟೆಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ದಾಂಡೇಲಿ ಸೀಮೆಯಲ್ಲಿ ನಾಲ್ಕೂ ಜಾತಿ ಇರುವುದು ನಿಜ. ಮಂಗಟ್ಟೆಗಳಿಗಾಗಿಯೇ 2011ರಲ್ಲಿ ಇಲ್ಲಿ ಸಂರಕ್ಷಣಾ ಮೀಸಲು ಘೋಷಣೆಯಾಯಿತು. ಆದರೆ ನಾಲ್ಕನ್ನೂ ಒಂದೇ ಜಾಗದಲ್ಲಿ ಹುಡುಕಬೇಡಿ. ಗಣೇಶಗುಡಿಯ ತೇವದ ಕಾಡು ಮಲೆಮಂಗಟ್ಟೆಯದು. ಕೊಕ್ಕಿನ ಮೇಲೆ ಶಿಖೆ, ಅಂದರೆ ಗಟ್ಟಿ ಉಬ್ಬು, ಇಲ್ಲ, ಯಾರೋ ಗಹಗಹಿಸಿ ನಕ್ಕಂತೆ ಕೂಗುತ್ತದೆ, ಬೆಳಿಗ್ಗೆ ಮೊದಲು ಕೇಳುವುದು ಅದನ್ನೇ. ಅದರ ಹತ್ತಿರದ ನೆಂಟ ಬೂದುಮಂಗಟ್ಟೆಗೆ ಚಿಕ್ಕ ಚೂಪು ಶಿಖೆಯಿದೆ, ಅದು ಒಣ ಎಲೆಯುದುರು ಕಾಡಿನದು. ಅದಕ್ಕಾಗಿ ದಾಂಡೇಲಿ, ಹಳಿಯಾಳದ ಕಡೆಯ ದಾರಿಯಲ್ಲಿ ಕಣ್ಣಿಟ್ಟಿರಿ. ಅದೇ ದಾರಿಯಲ್ಲಿ ತಂತಿಯ ಮೇಲೆ ನಮ್ಮ ರಾಜ್ಯಪಕ್ಷಿ ನೀಲಕಂಠವೂ ಸಿಗುತ್ತದೆ. ಕಪ್ಪುಬಿಳಿ ಮಲಬಾರ್ ಮಂಗಟ್ಟೆ ಮತ್ತು ದೊಡ್ಡ ಮಂಗಟ್ಟೆಗಳನ್ನು ಹಾರುವಾಗ ಬೇರೆಮಾಡಲು ಕುತ್ತಿಗೆ ಮತ್ತು ಬಾಲ ನೋಡಿ. ಕುತ್ತಿಗೆ ಕಪ್ಪಾಗಿ, ಬಾಲದ ನಡುವೆ ಕಪ್ಪು, ಅಂಚು ಬಿಳಿಯಿದ್ದರೆ ಮಲಬಾರ್. ಕುತ್ತಿಗೆ ಹಳದಿ ಬೆರೆತ ಬಿಳಿಯಾಗಿ, ಬಿಳಿ ಬಾಲಕ್ಕೆ ಅಡ್ಡವಾಗಿ ಒಂದು ಕಪ್ಪು ಪಟ್ಟಿಯಿದ್ದರೆ ದೊಡ್ಡ ಮಂಗಟ್ಟೆ. ದೊಡ್ಡದು ಕಾಣುವ ಮೊದಲೇ ಕೇಳಿಸುತ್ತದೆ. ಹಾರುಗರಿಗಳ ಬುಡವನ್ನು ಕೆಳಗಿನಿಂದ ಮುಚ್ಚುವ ಗರಿಗಳು ಅದಕ್ಕೆ ಸಾಲದು, ಸಂದಿನಲ್ಲಿ ಗಾಳಿ ನುಗ್ಗಿ ಪ್ರತಿ ಬಡಿತಕ್ಕೂ ಭುಸ್ ಭುಸ್ ಎನ್ನುತ್ತದೆ. ಆ ಸದ್ದು ಬಂದ ಕೂಡಲೇ ಮಾತು ನಿಲ್ಲಿಸಿ ಆಕಾಶದ ತೆರವಿನ ಕಡೆ ತಿರುಗಿ. ಹತ್ತಿರ ಕೂತರೆ ಕಣ್ಣು ನೋಡಿ, ಗಂಡಿನದು ಕೆಂಪು, ಹೆಣ್ಣಿನದು ಬಿಳಿ. ಫೆಬ್ರವರಿಯಿಂದಾಚೆ ಹೋಗುವವರಿಗೆ ಒಂದು ಮಾತು: ಆಗ ಹೆಣ್ಣು ಮರದ ಪೊಟರೆಯೊಳಗೆ ಸೇರಿ, ಸೀಳೊಂದನ್ನು ಬಿಟ್ಟು ಬಾಗಿಲು ಮುಚ್ಚಿಕೊಂಡಿರುತ್ತದೆ, ಅದರ ಊಟಕ್ಕೆ ಗಂಡೇ ದಿಕ್ಕು. ಗೂಡಿನ ಕೆಳಗೆ ಜನ ನಿಂತಿದ್ದರೆ ಗಂಡು ಗುಟುಕು ಕೊಡದೆ ಹಿಂದಿರುಗುತ್ತದೆ. ಗೂಡು ತೋರಿಸುತ್ತೇವೆ ಎಂದು ಕರೆದೊಯ್ಯುವ ಪ್ರವಾಸಕ್ಕೆ ದುಡ್ಡು ಕೊಡಬೇಡಿ.

ಎಂಟೂವರೆಯಿಂದ ಹತ್ತೂವರೆವರೆಗೆ ನಡೆಯಿರಿ. ಹನ್ನೆರಡು ಜನ ಒಟ್ಟಿಗೆ ನಡೆಯುವುದು ಬೇಡ. ದುಡ್ಡು ಕಟ್ಟುವ ಮೊದಲೇ ಆಯೋಜಕರಿಗೆ ಹೇಳಿ ಇನ್ನೊಬ್ಬ ಸ್ಥಳೀಯ ಗೈಡನ್ನು ಗೊತ್ತುಮಾಡಿಸಿ, ಆರಾರು ಜನ ಬೇರೆ ಬೇರೆ ದಿಕ್ಕಿಗೆ ಹೋಗಿ. ತಲೆಗೆ ಬೀಳುವ ಖರ್ಚು ಸ್ವಲ್ಪ ಹೆಚ್ಚಬಹುದು, ಆದರೆ ಸಾಲಿನ ಹನ್ನೆರಡನೆಯವರಿಗೆ ಸಿಗುವುದು ಹಕ್ಕಿ ಹಾರಿಹೋದ ರೆಂಬೆಯ ಅಲುಗಾಟ ಮಾತ್ರ. ಸಾಲಿನಲ್ಲಿ ಮುಂದಿದ್ದವರು ಅರ್ಧ ಗಂಟೆಗೊಮ್ಮೆ ಹಿಂದಕ್ಕೆ ಬರಲಿ. ಬಿಳಿ ಬಟ್ಟೆ ಬೇಡ, ಮಾಸಲು ಹಸಿರು ಅಥವಾ ಕಂದು ಇರಲಿ. ಪರಪರ ಸದ್ದು ಮಾಡುವ ಜಾಕೆಟ್, ಚರ್ರನೆ ಕೀಳುವ ವೆಲ್ಕ್ರೋ ಚೀಲ ಕೋಣೆಯಲ್ಲೇ ಉಳಿಯಲಿ.

ಅರ್ಧ ಗಂಟೆ ನಡೆದರೂ ಒಂದು ಹಕ್ಕಿಯಿಲ್ಲ ಎಂದು ಬೇಸರವಾಗುವ ಹೊತ್ತಿಗೆ ಏಕಾಏಕಿ ನಾಲ್ಕೂ ಕಡೆ ಹಕ್ಕಿಗಳಾಗಬಹುದು. ಉಷ್ಣವಲಯದ ಕಾಡಿನ ಗುಣವೇ ಇದು. ಕೀಟ ತಿನ್ನುವ ಬೇರೆ ಬೇರೆ ಜಾತಿಯ ಹಕ್ಕಿಗಳು ಒಂದು ದಂಡಾಗಿ ಮೇಯುತ್ತ ಸಾಗುತ್ತವೆ. ಹೆಚ್ಚು ಕಣ್ಣುಗಳಿದ್ದರೆ ಗಿಡುಗ ಬೇಗ ಕಾಣುತ್ತದೆ, ಒಬ್ಬರು ಎಬ್ಬಿಸಿದ ಹುಳ ಇನ್ನೊಬ್ಬರಿಗೆ ಸಿಗುತ್ತದೆ. ದಂಡಿನ ಸುಳಿವು ಕೊಡುವುದು ಸಾಮಾನ್ಯವಾಗಿ ಭೀಮರಾಜ, ಬಾಲದ ತುದಿಯಲ್ಲಿ ಎರಡು ಗರಿ ತೇಲಿಸಿಕೊಂಡು ಹಾರುವ ಕಾಜಾಣ. ಅದು ಕಂಡರೆ ನಡೆಯುವುದನ್ನು ನಿಲ್ಲಿಸಿ. ದಂಡು ನಿಮ್ಮನ್ನು ಹಾದುಹೋಗಲು ಐದು ನಿಮಿಷ, ಹೆಚ್ಚೆಂದರೆ ಹತ್ತು. ಆಗ ಎಲ್ಲರೂ ಒಂದೇ ಹಕ್ಕಿಯ ಹಿಂದೆ ಬೀಳದೆ ಕೆಲಸ ಹಂಚಿಕೊಳ್ಳಿ: ಇಬ್ಬರು ನೆತ್ತಿಯನ್ನು ನೋಡಲಿ, ಅಲ್ಲಿ ಕೆಂಪು-ಕಿತ್ತಳೆ ಮಿನಿವೆಟ್‌ಗಳಿರುತ್ತವೆ. ಇಬ್ಬರು ಬೊಡ್ಡೆಗಳನ್ನು ನೋಡಲಿ, ಮರಕುಟಿಗ ಮೇಲಕ್ಕೆ ಹತ್ತುತ್ತಿದ್ದರೆ ನಟ್‌ಹ್ಯಾಚ್ ತಲೆಕೆಳಗಾಗಿ ಇಳಿಯುತ್ತಿರುತ್ತದೆ. ಉಳಿದವರು ನಡುಮಟ್ಟ ಮತ್ತು ಪೊದೆ ನೋಡಲಿ, ರಾಜಹಕ್ಕಿ, ಕಪ್ಪುನೆತ್ತಿಯ ಮೊನಾರ್ಕ್, ಹರಟೆಮಲ್ಲಗಳು ಅಲ್ಲಿ. ದಂಡು ಸಾಗಿದ ದಿಕ್ಕನ್ನು ಗಮನಿಸಿ. ರಸ್ತೆಗೆ ಸಮಾನಾಂತರವಾಗಿ ಹೋಗುತ್ತಿದ್ದರೆ ಮೆಲ್ಲಗೆ ಐವತ್ತು ಹೆಜ್ಜೆ ಮುಂದೆ ಹೋಗಿ ಕಾಯಬಹುದು. ಹಿಂದೆ ಓಡಿದರೆ ಏನೂ ಸಿಗುವುದಿಲ್ಲ.

ಭೀಮರಾಜನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಅದು ಬೇರೆ ಹಕ್ಕಿಗಳ ದನಿಯನ್ನು ಹಾಗೇ ಅನುಕರಿಸುತ್ತದೆ. ಮೊಬೈಲಿನ ಮರ್ಲಿನ್ ಆ್ಯಪ್ ದನಿ ಕೇಳಿ ಹೆಸರು ಹೇಳುತ್ತದೆ, ಕಲಿಯಲು ಒಳ್ಳೆಯದೇ. ಕಾಡಿನಲ್ಲಿ ನೆಟ್‌ವರ್ಕ್ ನಂಬಬೇಡಿ, ನಮ್ಮ ಪ್ರದೇಶದ ಪ್ಯಾಕನ್ನು ಮನೆಯಲ್ಲೇ ಇಳಿಸಿಕೊಳ್ಳಿ. ಆದರೆ ಕಣ್ಣಿಗೆ ಬೀಳದ್ದನ್ನು ಆ್ಯಪ್ ಹೇಳಿತೆಂದು ಪಟ್ಟಿಗೆ ಸೇರಿಸಬೇಡಿ. ಕೂಗಿದ್ದು ಭೀಮರಾಜನೇ ಇರಬಹುದು. ಇನ್ನು, ಕೂಗಿನ ರೆಕಾರ್ಡಿಂಗ್ ನುಡಿಸಿ ಹಕ್ಕಿಯನ್ನು ಕರೆಸುವುದು ಬೇಡವೇ ಬೇಡ. ಹಕ್ಕಿ ಬರುವುದು ಸ್ನೇಹದಿಂದಲ್ಲ, ತನ್ನ ಜಾಗಕ್ಕೆ ಎದುರಾಳಿ ನುಗ್ಗಿದ್ದಾನೆಂಬ ಗಾಬರಿಯಿಂದ. ವಾರಾಂತ್ಯಕ್ಕೊಂದು ಗುಂಪು ಬರುವ ಗಣೇಶಗುಡಿಯಂಥ ಕಡೆ ಅದೇ ಹಕ್ಕಿಗೆ ಅದೇ ಗಾಬರಿ ಮತ್ತೆ ಮತ್ತೆ. ಮೇವು ಬಿಟ್ಟು, ಜೋಡಿ ಬಿಟ್ಟು ಇಲ್ಲದ ಶತ್ರುವನ್ನು ಹುಡುಕುತ್ತದೆ.

ಕಪ್ಪೆಬಾಯಿ ನಿಮಗೆ ಸಿಗುವುದು ಗೈಡಿನಿಂದಲೇ. ಒಂದು ಗೇಣಿನಷ್ಟಿರುವ ಈ ಇರುಳುಹಕ್ಕಿ ಹಗಲೆಲ್ಲ ಬಿದಿರು, ಬೆತ್ತ, ಬಳ್ಳಿಯ ಜೊಂಪಿನಲ್ಲಿ, ಎಷ್ಟೋ ಸಲ ಜೋಡಿಯಾಗಿ, ಒಣ ಎಲೆಯಂತೆ ಕೂತಿರುತ್ತದೆ. ಬೂದು ಬಣ್ಣದ್ದು ಗಂಡು, ಇಟ್ಟಿಗೆ ಕಂದಿನದು ಹೆಣ್ಣು. ಇಬ್ಬಿಬ್ಬರಾಗಿ ಹೋಗಿ, ಒಂದೆರಡು ನಿಮಿಷ ನೋಡಿ ಬನ್ನಿ. ಫ್ಲ್ಯಾಶ್ ಬೇಡ, ಅಡ್ಡವಿರುವ ಎಲೆ ಕೀಳುವುದು ಬೇಡ. ಆ ಎಲೆಯೇ ಅದರ ಮನೆಯ ಗೋಡೆ. ಕೊಕ್ಕು ಮೇಲೆತ್ತಿ ಮೈ ಸೆಟೆದು ಒಣಕೊಂಬೆಯಂತಾಯಿತೆಂದರೆ ನಿಮ್ಮನ್ನು ಕಂಡು ಅಂಜಿದೆ ಎಂದರ್ಥ. ಅಲ್ಲಿಂದಲೇ ಹಿಂದಿರುಗಿ.

ಹತ್ತೂವರೆಯ ನಂತರ ಕಾಡಿನ ಸದ್ದಡಗುತ್ತದೆ. ನದಿಯ ಕಡೆ ಹೋಗಲು ಇದು ಸರಿಯಾದ ಹೊತ್ತು. ಇಲ್ಲಿ ನೋಡಬೇಕಾದದ್ದು ನೀಲಿಕಿವಿಯ ಮಿಂಚುಳ್ಳಿ. ಎಲ್ಲೆಡೆ ಕಾಣುವ ಸಣ್ಣ ಮಿಂಚುಳ್ಳಿಗೆ ಕಣ್ಣಿನ ಹಿಂದೆ ಕಿತ್ತಳೆ ಮಚ್ಚೆ, ಇದಕ್ಕೆ ಅಲ್ಲೂ ಕಡುನೀಲಿ. ಆದರೆ ಎಳೆಯ ನೀಲಿಕಿವಿಗೂ ಕಿತ್ತಳೆ ಮಚ್ಚೆ ಇರುವುದರಿಂದ ಬೆನ್ನಿನ ನೀಲಿಯ ಗಾಢತೆಯನ್ನೂ ನೋಡಿಯೇ ತೀರ್ಮಾನಿಸಿ. ಸೂಪಾ ಅಣೆಕಟ್ಟೆಯ ವಿದ್ಯುದಾಗಾರದಿಂದ ನೀರು ಬಿಟ್ಟಾಗ ನದಿಯ ಮಟ್ಟ ಏರುತ್ತದೆ, ಆದ್ದರಿಂದ ನಡುಬಂಡೆಗಳ ಮೇಲೆ ಟ್ರೈಪಾಡ್ ಹೂಡುವುದು ಬೇಡ, ದಡದಲ್ಲೇ ಇರಿ. ಜಾಹೀರಾತಿನಲ್ಲಿರುವ, ಬರ್ಡಿಂಗ್ ಮಂದಿ ‘ಓಡಿಕೆಎಫ್’ (ಓರಿಯೆಂಟಲ್ ಡ್ವಾರ್ಫ್ ಕಿಂಗ್‌ಫಿಶರ್) ಎನ್ನುವ ಪುಟ್ಟ ಕಾಡುಮಿಂಚುಳ್ಳಿಯನ್ನು ಜನವರಿಯಲ್ಲಿ ನಿರೀಕ್ಷಿಸಬೇಡಿ. ಅದು ಈ ಸೀಮೆಗೆ ಮಳೆಗಾಲದೊಂದಿಗೆ ಬಂದು ಮರಿಮಾಡುವ ಹಕ್ಕಿ. ಅದೊಂದೇ ಆಸೆಯಿದ್ದರೆ ಪ್ರವಾಸವನ್ನು ಜೂನ್ ಅಥವಾ ಆಚೆಗೆ ಹಾಕಿಕೊಳ್ಳಿ.

ಊಟವಾದ ಮೇಲೆ ಬರ್ಡ್ ಬಾತ್. ಸೂಪಾ ಕಟ್ಟುವಾಗ ಸಿಡಿಮದ್ದು ಇಡುತ್ತಿದ್ದ ಕಟ್ಟಡವೇ ಈಗ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್‌ನ ವಸತಿ, ಓಲ್ಡ್ ಮ್ಯಾಗಜೀನ್ ಹೌಸ್. ಅಲ್ಲಿಯ ಮರದ ನೆರಳಿನ ನೀರಿನ ತಟ್ಟೆಗಳಿಗೆ ಹಕ್ಕಿಗಳು ತಾವಾಗಿಯೇ ಬರುತ್ತವೆ. ಮೂರೂವರೆಗೆ ಹೋಗಿ ಕೂತು ಐದೂವರೆವರೆಗೆ ಏಳದಿರಿ. ಮೊದಲು ಬರುವುದು ಧೈರ್ಯಸ್ಥ ಪಿಕಳಾರಗಳು. ಅವು ನಿಶ್ಚಿಂತೆಯಾಗಿ ಮೀಯುವುದನ್ನು ಕಂಡೇ ನಾಚಿಕೆಯವು ಇಳಿಯುತ್ತವೆ: ಪಚ್ಚೆ ಪಾರಿವಾಳ, ಕಿತ್ತಳೆ ತಲೆಯ ನೆಲಸಿಳ್ಳಾರ, ಬಿಳಿಹೊಟ್ಟೆಯ ನೀಲಿ ನೊಣಹಿಡುಕ, ಅದೃಷ್ಟವಿದ್ದರೆ ನವರಂಗ. ಪಿಕಳಾರ ಬಂದಾಗಲೇ ಎದ್ದು ಓಡಾಡಿದರೆ ಉಳಿದವು ಬರುವುದೇ ಇಲ್ಲ. ಕ್ಯಾಮೆರಾದವರು ಶಬ್ದವಿಲ್ಲದ ಶಟರ್ ಹಾಕಿಕೊಳ್ಳಲಿ. ನೆರಳಿನಲ್ಲಿ ಬೆಳಕು ಕಡಿಮೆ, ಐಎಸ್ಒ 1600ರಿಂದ 3200, ಶಟರ್ ವೇಗ 1/250ರ ಆಸುಪಾಸು, ಲೆನ್ಸ್ ಕೆಳಗೊಂದು ಬೀನ್‌ಬ್ಯಾಗ್. ಮೀಯುವ ಹಕ್ಕಿ ಕ್ಷಣ ಕ್ಷಣಕ್ಕೂ ನಿಲ್ಲುತ್ತದೆ, ಆ ನಿಲುಗಡೆಯಲ್ಲಿ ತೆಗೆಯಿರಿ. ಕೊನೆಯ ಬೆಳಕಿಗೆ ಮತ್ತೆ ಕಣಿವೆಯಂಚಿಗೆ ಬನ್ನಿ, ಮಂಗಟ್ಟೆಗಳು ತಂಗಲು ಹಾರುವ ಹೊತ್ತದು.

ಉಣುಗಿನ ವಿಚಾರ ಹೇಳದೆ ಬಿಡುವಂತಿಲ್ಲ. ಜನವರಿಯಲ್ಲಿ ಜಿಗಣೆ ಕಾಟವಿರುವುದಿಲ್ಲವೆಂದು ಜನ ಸ್ಯಾಂಡಲ್ಲು, ಚಡ್ಡಿಯಲ್ಲಿ ಬರುತ್ತಾರೆ. ಒಣಗಿದ ತರಗೆಲೆಯಲ್ಲಿ ಆ ದಿನಗಳಲ್ಲಿ ಇರುವುದು ಉಣುಗು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಅದರಿಂದ, ಬಹುಮಟ್ಟಿಗೆ ಡಿಸೆಂಬರಿನಿಂದ ಮೇವರೆಗೆ. ಉತ್ತರ ಕನ್ನಡವೂ ಅದರ ಸೀಮೆಯೇ. ಪೂರ್ಣ ಪ್ಯಾಂಟು ಹಾಕಿ ಅದರ ತುದಿಯನ್ನು ಸಾಕ್ಸಿನೊಳಗೆ ಸಿಕ್ಕಿಸಿ, ಕಾಲು-ಕೈಗೆ ಉಣುಗು ದೂರವಿಡುವ ಡೇಪಾ ತೈಲ ಹಚ್ಚಿ, ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ, ಸತ್ತ ಮಂಗ ಕಂಡರೆ ದೂರವಿದ್ದು ಅರಣ್ಯ ಸಿಬ್ಬಂದಿಗೆ ತಿಳಿಸಿ. ಸಂಜೆ ಬಿಸಿನೀರಿನ ಸ್ನಾನ, ಬಟ್ಟೆ ಬದಲಾವಣೆ, ಕಂಕುಳು, ಸೊಂಟ, ಮಂಡಿಯ ಹಿಂಭಾಗ ನೋಡಿಕೊಳ್ಳುವುದು. ಮರಳಿದ ವಾರ-ಹತ್ತು ದಿನದಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ.

ರಾತ್ರಿ ಊಟಕ್ಕೆ ಮುಂಚೆ ಎಲ್ಲರೂ ಕೂತು ಪಟ್ಟಿ ಓದಿ. ಐವತ್ತು ಜಾತಿ ದಾಟಿದ್ದರೆ ಒಳ್ಳೆಯ ದಿನ. ಹಕ್ಕಿಪಟ್ಟಿ ದಾಖಲಿಸುವ ಜಾಲತಾಣ ಈಬರ್ಡ್‌ನಲ್ಲಿ ಒಬ್ಬರು ಬರೆದು ಉಳಿದವರಿಗೆ ಹಂಚಿದರೆ ಸಾಕು. ಬೆಳಗಿನ ನಡಿಗೆ, ನದಿ, ಬರ್ಡ್ ಬಾತ್ ಇವಕ್ಕೆ ಬೇರೆ ಬೇರೆ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಸಮಯ, ದೂರ, ಎಣಿಕೆ ಹಾಕಿ. ದನಿ ಮಾತ್ರ ಕೇಳಿದ್ದನ್ನು ಹಾಗೆಂದೇ ನಮೂದಿಸಿ. ಅನುಮಾನವಿದ್ದ ಮಿಂಚುಳ್ಳಿಯನ್ನು ಬರೀ ‘ಮಿಂಚುಳ್ಳಿ’ ಎಂದೇ ಬರೆಯಿರಿ. ಕಪ್ಪೆಬಾಯಿ ಕೂತಿದ್ದ ಪೊದೆ ಎಲ್ಲಿತ್ತೆಂಬುದನ್ನು ಮಾತ್ರ ಪಟ್ಟಿಯಲ್ಲಾಗಲಿ, ಫೋಟೋ ಜೊತೆಗಾಗಲಿ ಎಲ್ಲೂ ಹಾಕಬೇಡಿ.